ಎಡಗಡೆ ಬಾಗಿಲು

ಟೈಲರಮ್ಮನ ಬಾಯಿ ಅಂದರೆ ಇಡೀ ಬೀದಿಗೆ ಸ್ವಲ್ಪ ಭಯ. ಶಾಲೆ ಯೂನಿಫಾರಂ, ಕೋಟಿನ ರಿಪೇರಿ, ಸಡಿಲವಾದ ಪ್ಯಾಂಟಿನ ಸೊಂಟ, ಏನು ಕೊಟ್ಟರೂ ಹೇಳಿದ ದಿನಕ್ಕೆ ತಪ್ಪದೆ ಕೈಗೆ ಬರುತ್ತಿತ್ತು, ಜೊತೆಗೆ ಒಂದೆರಡು ಮಾತೂ ಬರುತ್ತಿತ್ತು. "ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಡಬೇಡಿ. ಊಟ ಆದ್ಮೇಲೂ ಇದೇ ಕೋಟು ತಾನೆ ಹಾಕ್ಕೊಳ್ಳೋದು?" ಎಂದು ಎಂಥವರ ಮುಖಕ್ಕೂ ಹೇಳಿಬಿಡುವಳು. ಹೀಗೆ ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಒಂದೇ ಒಂದು ವಿಷಯದಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಅದು ಗಂಡನ ಕಾರಿನ ವಿಷಯ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಟ್ಯಾಂಕಣ್ಣ. ಫೈಬರ್ ಕಾರ್ಖಾನೆಯಲ್ಲಿ ಕೆಲಸ. ನೀರಿನ ಟ್ಯಾಂಕು, ಸ್ನಾನದ ತೊಟ್ಟಿ, ಪಾರ್ಕಿನಲ್ಲಿ ಮಕ್ಕಳು ಆಡುವ ಜಾರುಬಂಡೆ, ಎಲ್ಲ ಅವನ ಕೈಯಲ್ಲಿ ಆಗುತ್ತಿದ್ದವು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಕುಡಿತ ಇಲ್ಲ, ಜಗಳ ಇಲ್ಲ, ಇನ್ನೊಬ್ಬರ ಸುದ್ದಿಗೆ ಹೋಗುವವನಲ್ಲ. ಸಂಜೆ ಕೆಲಸ ಬಿಟ್ಟು ಬಂದವನು ಮುಂಬಾಗಿಲಿನಿಂದ ಒಳಗೆ ಬರುವುದು, ಹಿಂಬಾಗಿಲಿನಿಂದ ಹಿತ್ತಲಿನ ಶೆಡ್ಡಿಗೆ ಹೋಗುವುದು. ನಡುವೆ ಇದ್ದ ಮನೆ ಅವನಿಗೆ ಒಂದು ಓಣಿ ಇದ್ದ ಹಾಗೆ ಆಗಿತ್ತು.

ಆ ಶೆಡ್ಡಿನಲ್ಲಿ ಅವನು ಕಾರು ಕಟ್ಟುತ್ತಿದ್ದ. ಹಳೆಯ ಕಾಲದ ರೇಸ್ ಕಾರಿನಂಥದ್ದು: ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಉದ್ದನೆಯ ಮೂತಿ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಅಂಥ ಅಸಲಿ ಕಾರನ್ನು ಕೊಳ್ಳುವುದು ಕನಸಿನಲ್ಲೂ ಆಗದ ಮಾತು. ಅದಕ್ಕೇ ಅದರ ಪಡಿಯಚ್ಚನ್ನು ಮನೆಯಲ್ಲೇ ಮಾಡಲು ಹೊರಟಿದ್ದ. ಕಬ್ಬಿಣದ ಚೌಕಟ್ಟನ್ನು ತಾನೇ ವೆಲ್ಡ್ ಮಾಡಿದ, ಗುಜರಿಗೆ ಹೋಗಿದ್ದ ಕಾರೊಂದರ ಎಂಜಿನ್ ತಂದು ಕೂರಿಸಿದ, ಮೈಯ ಭಾಗಗಳನ್ನೆಲ್ಲ ಒಂದೊಂದಾಗಿ ಫೈಬರ್‌ನಲ್ಲಿ ಅಚ್ಚು ಹಾಕಿದ. ಯಾಕೆ ಅಂದರೆ, ಹೆಂಡತಿ ಕೇಳಿದ್ದಳು. ಹಾಗೆಂದು ಅವನು ನಂಬಿದ್ದ.

ನಿಜವಾಗಿ ನಡೆದದ್ದು ಇಷ್ಟು. ಮದುವೆಯಾದ ಹೊಸತರಲ್ಲಿ ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತಿದ್ದರು. ಸಿಗ್ನಲ್ಲಿನಲ್ಲಿ ಇಂಥದೇ ಒಂದು ಕೆಂಪು ಕಾರು ಬಂದು ನಿಂತಿತು. ಒಳಗೆ ನಡುವಯಸ್ಸಿನ ಗಂಡ ಹೆಂಡತಿ. ಗಂಡ ಏನೋ ಹೇಳಿದ. ಹೆಂಡತಿ ತಲೆಗೆ ಕಟ್ಟಿದ ಸ್ಕಾರ್ಫು ಜಾರುವಷ್ಟು ನಕ್ಕಳು, ನಗುತ್ತಲೇ ಅವನ ಭುಜಕ್ಕೆ ಒಂದು ಗುದ್ದು ಗುದ್ದಿದಳು. ಹಸಿರು ದೀಪ ಬಂತು, ಕಾರು ಹೋಯಿತು. "ಒಂದಿನ ನಾವೂ ಹಾಗೆ ಹೋಗಬೇಕು ರೀ" ಎಂದಳು ಇವಳು. ಇವಳು ನೋಡಿದ್ದು ಆ ಗುದ್ದನ್ನು. ಗಂಡ ನೋಡಿದ್ದು ಮಡ್‌ಗಾರ್ಡನ್ನು. ಅವತ್ತೇ ಅವನ ತಲೆಗೆ ಹುಳ ಹೊಕ್ಕಿತು.

ಮಕ್ಕಳಾಗಲಿಲ್ಲ. ಆ ನೋವನ್ನು ಇಬ್ಬರೂ ಬಾಯಿಬಿಡದೆ ನುಂಗಿಕೊಂಡರು. ಅವಳು ಹೊಲಿಗೆ ಮಿಷನ್ನಿಗೆ ಬಗ್ಗಿದಳು, ಅವನು ಶೆಡ್ಡು ಸೇರಿದ. ಫೈಬರ್ ಕೆಲಸ ಮಾಡಿದವರಿಗೆ ಗೊತ್ತು, ಅದನ್ನು ಉಜ್ಜಿದಾಗ ಏಳುವ ಧೂಳು ಎಂಥ ಪೀಡೆ ಎಂದು. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಎಳೆ. ಮೈಗೆ ಹತ್ತಿದರೆ ತುರಿಸಿ ತುರಿಸಿ ಸಾಕಾಗಬೇಕು. ಅವಳ ಮಿಷನ್ ಇದ್ದದ್ದು ಮಲಗುವ ಕೋಣೆಯಲ್ಲಿ, ಗಿರಾಕಿಗಳ ಬಟ್ಟೆ ಮಂಚದ ಪಕ್ಕದಲ್ಲೇ ನೇತಾಡುತ್ತಿತ್ತು. ಒಂದು ಸಲ ಹೊಸ ಯೂನಿಫಾರಂ ಹಾಕಿಕೊಂಡ ಹುಡುಗಿಯ ಕತ್ತೆಲ್ಲ ಕೆಂಪಾಗಿ, ಅವಳಮ್ಮ ಬಾಗಿಲಲ್ಲಿ ನಿಂತು ರಂಪ ಮಾಡಿ ಹೋದಳು. ಅವತ್ತು ಗಂಡ ತನ್ನ ದಿಂಬು ಹೊದಿಕೆ ಎತ್ತಿಕೊಂಡು ಪಡಸಾಲೆಗೆ ಹೋದ. "ನಿನ್ನ ಕೆಲಸಕ್ಕೆ ನನ್ನಿಂದ ತೊಂದರೆ ಆಗಬಾರದು ಕಣೇ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆಮೇಲೆ ಊಟದ ತಟ್ಟೆಯೂ ಶೆಡ್ಡಿಗೇ ಹೋಗತೊಡಗಿತು, ಬಟ್ಟೆ ನೆನೆಸುವ ಬಕೆಟ್ಟೂ ಬೇರೆಯಾಯಿತು.

ಟೈಲರಮ್ಮನಿಗೆ ಗಂಡ ಬೇಕಿತ್ತು. ಇದನ್ನು ಬೇರೆ ಹೇಗೆ ಹೇಳುವುದು? ಗಂಡ ಮನೆಯಲ್ಲೇ ಇದ್ದ, ಆದರೂ ಅವಳಿಗೆ ಗಂಡ ಬೇಕಿತ್ತು. ಮಿಷನ್ ನಿಲ್ಲಿಸಿದಾಗ ಹಿತ್ತಲಿನಿಂದ ಉಪ್ಪುಕಾಗದದ ಪರಪರ ಸದ್ದು ಕೇಳುತ್ತಿತ್ತು. ಆ ಕೈ ಬಾನೆಟ್ಟನ್ನು ಸವರುವ ಹಾಗೆ ತನ್ನ ಬೆನ್ನು ಸವರಿ ಎಷ್ಟು ಕಾಲವಾಯಿತು ಎಂದು ಅನ್ನಿಸುತ್ತಿತ್ತು. ಥೂ, ಒಂದು ಕಾರಿನ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ ಎಂದು ತನ್ನನ್ನೇ ಬೈದುಕೊಂಡು ಮತ್ತೆ ಪೆಡಲ್ ತುಳಿಯುತ್ತಿದ್ದಳು.

ಬೇರೆ ಊರಿನಲ್ಲಿ ಅವಳ ತಂಗಿ ಒಬ್ಬಳೇ ಇದ್ದಳು. ಆಗಾಗ ಫೋನು ಮಾಡುವಳು. "ಅಕ್ಕಾ, ನನ್ನ ಪಕ್ಕದ ರೂಮು ಖಾಲಿ ಇದೆ. ಮಿಷನ್ ತಂದು ಇಲ್ಲೇ ಹಾಕು. ನೀನು ಮನೇಲಿದೀಯೋ ಇಲ್ವೋ ಅನ್ನೋದು ಭಾವಂಗೆ ಊಟದ ಹೊತ್ತಿಗೆ ತಾನೆ ಗೊತ್ತಾಗೋದು?" ತಂಗಿ ಅಂದದ್ದು ತಮಾಷೆಗೆ. ಅಕ್ಕನಿಗೆ ಅದು ಎದೆಗೆ ನಾಟಿತು. ಬಹಳ ದಿನ ಯೋಚಿಸಿ, ಕೊನೆಗೆ ಹೂಂ ಅಂದಳು. "ಕಾರು ಒಂದು ಮುಗೀಲಿ, ಬಂದುಬಿಡ್ತೀನಿ. ಬಾನೆಟ್ ಎತ್ತೋಕೆ ಇನ್ನೊಂದು ಜೊತೆ ಕೈ ಬೇಕು ಅವರಿಗೆ" ಎಂದಳು. ಬಿಟ್ಟು ಹೋಗುವವಳಿಗೆ ಈ ಕಾಳಜಿ ಯಾಕೆ ಎಂದು ತಂಗಿ ಕೇಳಲಿಲ್ಲ, ಪುಣ್ಯ. ಗಂಡನಿಗೆ ಮಾತ್ರ ಅವಳು ಈ ವಿಷಯ ಹೇಳಲಿಲ್ಲ.

ಹಾಗೆ ಕೊನೆಯ ದಿನಗಳಲ್ಲಿ ಅವಳೂ ಶೆಡ್ಡಿಗೆ ಹೋಗತೊಡಗಿದಳು, ಹಳೆಯ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು. ಚಕ್ರ ಬಿಚ್ಚಿದ ಕಾರು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಫೈಬರ್ ಮೈಯನ್ನು ಚೌಕಟ್ಟಿಗೆ ಕೂರಿಸುವುದು ಹುಡುಗಾಟದ ಕೆಲಸವಲ್ಲ. ಒಂದು ಮೂಲೆ ಕೂತರೆ ಇನ್ನೊಂದು ಏಳುತ್ತದೆ. ಬಾನೆಟ್ ಇಳಿಸಿ ನೋಡು, ಮತ್ತೆ ಎತ್ತು, ಅಂಚು ಉಜ್ಜು, ಮತ್ತೆ ಇಳಿಸು. ಈ ಬೋಲ್ಟಿನ ಕೆಳಗೆ ಒಂದು ವಾಷರ್ ಹೆಚ್ಚಿಗೆ, ಆ ಬೋಲ್ಟಿನ ಕೆಳಗೆ ಒಂದು ಕಡಿಮೆ. ಅವಳಿಗೆ ಇದೇನೂ ಹೊಸದು ಅನ್ನಿಸಲಿಲ್ಲ. ಕೋಟಿಗೆ ತೋಳು ಕೂರಿಸುವಾಗಲೂ ಇದೇ ಪಾಡು.

ಬಾಗಿಲುಗಳ ಸಂದು ಸುತ್ತಲೂ ಒಂದೇ ಸಮ ಇರಬೇಕು ಎಂಬುದು ಅವನ ಹಟ. ಅದನ್ನು ಅಳೆಯಲು ಅವನ ಹತ್ತಿರ ಇದ್ದದ್ದು ಒಂದು ಕೋಟಿನ ಗುಂಡಿ. ದಾರಕ್ಕೆ ಪೋಣಿಸಿ ಕತ್ತಿಗೆ ಹಾಕಿಕೊಂಡಿದ್ದ. ಗುಂಡಿಯನ್ನು ಸಂದಿನಲ್ಲಿ ನಿಲ್ಲಿಸಿ ಮೇಲಿನಿಂದ ಕೆಳಗೆ ಎಳೆಯುವುದು, ಸಿಕ್ಕಿಕೊಂಡ ಕಡೆ ಉಜ್ಜುವುದು, ಸಡಿಲ ಕಂಡ ಕಡೆ ಪುಟ್ಟಿ ಮೆತ್ತುವುದು.

"ಇದು ನನ್ನ ಡಬ್ಬೀದಲ್ವಾ?" ಎಂದಳು ಅವಳು. "ಈ ಒಂದು ಗುಂಡಿಗೋಸ್ಕರ ಇಡೀ ಮನೆ ಗುಡಿಸಿದೀನಿ ನಾನು."

"ಸರಿಯಾದ ದಪ್ಪ ಇತ್ತು. ತಗೊಂಡೆ."

"ಕೇಳಿದ್ರೆ ಕೊಡ್ತಿರಲಿಲ್ವಾ?"

"ನೀನು ಕೆಲಸದಲ್ಲಿದ್ದೆ" ಎಂದ ಅವನು, ಸಂದಿನಿಂದ ಕಣ್ಣು ತೆಗೆಯದೆ.

ಇಷ್ಟು ವರ್ಷ ಅವನ ಎದೆಯ ಮೇಲೆ ತನ್ನ ಡಬ್ಬಿಯ ಗುಂಡಿ ನೇತಾಡುತ್ತಿತ್ತು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಮುಖ ತಿರುಗಿಸಿ ಪುಟ್ಟಿ ಕಲಸುವ ಹಲಗೆ ಒರೆಸಲು ಹೋದಳು.

ಆ ದಿನಗಳು ಚೆನ್ನಾಗಿದ್ದವು. ಅದೇ ಅವಳ ಸಂಕಟ. ಒಂದು ದಿನ ಅವಳ ಕಣ್ಣಿಗೆ ಧೂಳು ಬಿತ್ತು, ಅವನು ರೆಪ್ಪೆ ಬಿಡಿಸಿ ಮೆಲ್ಲಗೆ ಊದಿದ. ಇನ್ನೊಂದು ದಿನ ಬಾನೆಟ್ಟಿನ ಆ ತುದಿ ಅವನು, ಈ ತುದಿ ಅವಳು ಹಿಡಿದು ನಿಂತಿದ್ದಾಗ ಎದುರು ಮನೆ ಮೆಕ್ಯಾನಿಕ್ ಇಣುಕಿ, "ಏನ್ ಟೈಲರಮ್ಮ, ಹೊಸ ಕೆಲಸಕ್ಕೆ ಸೇರಿದ್ರಾ?" ಎಂದ. "ಹೂಂ, ಸಂಬಳ ಇಲ್ಲ, ತುರಿಕೆ ಮಾತ್ರ ಫ್ರೀ" ಎಂದಳು. ಗಂಡ ನಕ್ಕ. ಅವನ ನಗು ಕೇಳಿ ಎಷ್ಟು ದಿನವಾಗಿತ್ತು ಎಂದು ಅವಳಿಗೆ ಆಗ ಹೊಳೆಯಿತು. ಕೆಲಸ ಬೇಗ ಮುಗಿಯಲಿ ಎಂದು ಬಂದವಳಿಗೆ ಮುಗಿಯದಿದ್ದರೇ ಚೆನ್ನ ಅನ್ನಿಸತೊಡಗಿತು. ಆದರೆ ಮುಗಿದರೆ ಮತ್ತೆ ಅದೇ ಓಣಿ, ಪಡಸಾಲೆಯಲ್ಲಿ ಅದೇ ದಿಂಬು, ಆಮೇಲೆ ಇನ್ನೊಂದು ಕಾರು ಶುರುವಾದರೂ ಆಯಿತು. ತಂಗಿಗೆ ಕೊಟ್ಟ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಂತೂ ಕಾರು ಮುಗಿಯಿತು. ಕೆಂಪು ಬಣ್ಣ ಬಿತ್ತು, ಚಕ್ರ ಬಂತು, ಸ್ಟ್ಯಾಂಡಿನಿಂದ ನೆಲಕ್ಕೆ ಇಳಿಯಿತು. ಸೀಟಿನ ಕವರನ್ನು ಹೊಲಿದವಳು ಅವಳೇ. ಸೋಮವಾರದ ಬಸ್ಸಿಗೆ ಹೊರಡುವುದೆಂದು ಬಟ್ಟೆಬರೆ ತುಂಬಿದ ಬ್ಯಾಗನ್ನು ಮಿಷನ್ನಿನ ಕೆಳಗೆ ಇಟ್ಟಳು. ಭಾನುವಾರ ಬೆಳಿಗ್ಗೆ ಅವನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. "ಬಾ. ಒಂದು ರೌಂಡು ಹೋಗಿ ಬರೋಣ."

ಅವಳು ತಲೆಗೆ ಸ್ಕಾರ್ಫು ಕಟ್ಟಿಕೊಂಡಳು. ಮೊಣಕಾಲು ನೋವಿನವಳು, ಆ ತಗ್ಗಿನ ಸೀಟಿಗೆ ಇಳಿಯುವುದೆಂದರೆ ಬಾವಿಗೆ ಇಳಿದ ಹಾಗೆ. ಅವನು ಕೈ ಹಿಡಿದು ಕೂರಿಸಿ ಎಡಗಡೆ ಬಾಗಿಲು ಮುಚ್ಚಿದ. ಸುತ್ತಿ ಬಂದು ಬಲಗಡೆ ತಾನು ಕೂತು ತನ್ನ ಬಾಗಿಲು ಎಳೆದ. ಸ್ವಲ್ಪ ಬಿಗಿ ಅನ್ನಿಸಿತು, ಜೋರಾಗಿ ಎಳೆದ. ಒಳಗೆ ಜಾಗ ಇಕ್ಕಟ್ಟು. ಅವನ ಭುಜ ಅವಳ ಭುಜಕ್ಕೆ ಒತ್ತಿಕೊಂಡಿತು. ಅತ್ತ ಸರಿಯೋಣವೆಂದರೆ ಅತ್ತ ಜಾಗವೇ ಇಲ್ಲ. ಅವಳು ಉಸಿರು ಹಿಡಿದು ಕೂತಳು.

ಎಂಜಿನ್ ಚಾಲೂ ಮಾಡಬೇಕು ಅನ್ನುವಷ್ಟರಲ್ಲಿ ಅವನಿಗೆ ಚಕ್ರಕ್ಕೆ ಅಡ್ಡ ಇಟ್ಟ ಕಲ್ಲು ನೆನಪಾಯಿತು. ತೆಗೆಯಲು ಇಳಿಯಬೇಕೆಂದು ಬಾಗಿಲು ತಳ್ಳಿದ. ಬಾಗಿಲು ಬಿಡಲಿಲ್ಲ. ಮೊಣಕೈಯಿಂದ ನೂಕಿದ. ಊಹೂಂ. "ನಿನ್ನದು ನೋಡು" ಎಂದ. ಎಡಗಡೆ ಬಾಗಿಲೂ ಅಲ್ಲಾಡಲಿಲ್ಲ. ಕತ್ತಿನ ಗುಂಡಿ ತೆಗೆದು ಬಾಗಿಲಿನ ಸಂದಿಗೆ ಹಿಡಿದ, ಒಳಗೆ ಹೋಗಲಿಲ್ಲ. ಮುಂದಿನ ಗಾಜಿನ ಚೌಕಟ್ಟು ಹಿಡಿದು ಮೈಯನ್ನು ಸೀಟಿನಿಂದ ಮೇಲೆತ್ತಿದ. ಅವಳ ಬಾಗಿಲು ತಾನಾಗಿಯೇ ಟಕ್ ಎಂದು ಬಿಟ್ಟುಕೊಂಡಿತು. ಕೂತ. ಬಾಗಿಲು ಮತ್ತೆ ಕಚ್ಚಿಕೊಂಡಿತು.

ಅವನ ಮುಖ ಬಿಳಿಚಿಕೊಂಡಿತು. "ಬಾಗಿಲನ್ನ ಖಾಲಿ ಗಾಡಿ ಮೇಲೆ ಕೂರಿಸಿಬಿಟ್ಟೆ ಕಣೇ" ಎಂದ. "ಸ್ಟ್ಯಾಂಡ್ ಮೇಲಿದ್ದಾಗಲೇ ಬಾಗಿಲು ಫಿಟ್ ಮಾಡಿದೆ. ಆಮೇಲೆ ನಾನೊಬ್ಬನೇ ಕೂತು ನೋಡಿದ್ದೆ, ಸರಿಯಾಗೇ ಇತ್ತು. ಇಬ್ಬರು ಕೂತ್ರೆ ಚೌಕಟ್ಟಿನ ನಡು ತಗ್ಗುತ್ತೆ, ಸಂದು ಮುಚ್ಚಿಹೋಗುತ್ತೆ ಅಂತ ಹೊಳೀಲೇ ಇಲ್ಲ."

ಟೈಲರಮ್ಮನ ಬಾಯಿಯ ಬೀಗ ಕಳಚಿದ್ದು ಆಗ. "ನಾನು ಒಂದು ಕೋಟು ಹೊಲಿದ್ರೂ ಗಿರಾಕೀನ ನಿಲ್ಲಿಸಿ, ಮೈಮೇಲೆ ಹಾಕಿ ನೋಡ್ತೀನಿ. ಹ್ಯಾಂಗರಿಗೆ ಹಾಕಿ ಯಾರಾದ್ರೂ ಅಳತೆ ನೋಡ್ತಾರಾ? ನನಗೋಸ್ಕರ ಮಾಡಿದ ಕಾರು ಅಂತೀರ. ಇಷ್ಟು ವರ್ಷದಲ್ಲಿ ಒಂದ್ಸಲ, ಬಾರೇ, ಒಂದು ಗಳಿಗೆ ಪಕ್ಕದಲ್ಲಿ ಕೂತ್ಕೋ ಅಂತ ಕರೀಬೇಕು ಅನ್ನಿಸಲಿಲ್ವಾ ನಿಮಗೆ?"

"ಪೂರ್ತಿ ಆದ್ಮೇಲೆ ಕೂರಿಸಬೇಕು ಅಂತಿದ್ದೆ. ಅರ್ಧಂಬರ್ಧ ಆಗಿರೋದರಲ್ಲಿ ನಿನ್ನ ಹೇಗೆ ಕೂರಿಸಲಿ?"

"ನನಗೆ ಕಾರು ಬೇಕಿರಲಿಲ್ಲ ರೀ. ಅವತ್ತು ಬಸ್ ಸ್ಟಾಪಲ್ಲಿ ನಾನು ಕಾರು ನೋಡಿ ಹೇಳಿದ್ದಲ್ಲ. ಅವಳು ಗಂಡನ ಪಕ್ಕ ಕೂತು ನಗ್ತಿದ್ದಳಲ್ಲ, ಅವನಿಗೆ ಗುದ್ದಿದಳಲ್ಲ, ಅದನ್ನ ನೋಡಿ ಹೇಳಿದ್ದು."

ಅವನು ಸ್ಟೇರಿಂಗ್ ನೋಡುತ್ತ ಕೂತ. ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಇನ್ನು ಮುಚ್ಚಿಟ್ಟು ಏನು ಫಲ ಎಂದು ಅವಳು ಉಳಿದದ್ದನ್ನೂ ಹೇಳಿಬಿಟ್ಟಳು. "ನಾಳೆ ಬಸ್ಸಿಗೆ ತಂಗಿ ಊರಿಗೆ ಹೊರಟಿದೀನಿ. ಅಲ್ಲೇ ಇರೋಕೆ. ಬ್ಯಾಗು ಮಿಷನ್ ಕೆಳಗಿದೆ."

ಅವನು ಗುಂಡಿಯನ್ನು ಮತ್ತೆ ಕತ್ತಿಗೆ ಹಾಕಿಕೊಂಡ. ಆಮೇಲೆ ಗಾಜಿನ ಚೌಕಟ್ಟಿನ ಮೇಲೆ ಎರಡೂ ಕೈ ಇಟ್ಟ.

"ಏಳಲಾ?" ಎಂದ. "ನಾನು ಎದ್ದರೆ ನಿನ್ನ ಬಾಗಿಲು ಬಿಡುತ್ತೆ. ಇಳೀಬಹುದು ನೀನು."

ಅವಳಿಗೆ ಇಳಿಯುವ ಮನಸ್ಸಿರಲಿಲ್ಲ. ಇಷ್ಟು ವರ್ಷ ಬೇಕು ಬೇಕು ಎಂದು ಹಂಬಲಿಸಿದ ಜೀವ ಭುಜಕ್ಕೆ ಭುಜ ಒತ್ತಿಕೊಂಡು, ಸ್ನಾನ ಮಾಡಿದರೂ ಹೋಗದ ಫೈಬರ್ ಅಂಟಿನ ವಾಸನೆ ಹೊಡೆಯುತ್ತ, ಬೆಚ್ಚಗೆ ಪಕ್ಕದಲ್ಲೇ ಕೂತಿತ್ತು. "ಏಳಬೇಡಿ" ಎಂದಳು.

ಅವನು ಕೈ ಇಳಿಸಿದ. "ಎರಡೂ ಬಾಗಿಲು ಬಿಚ್ಚಿ ಮೊದಲಿಂದ ಮಾಡಬೇಕು" ಎಂದ, ಕೇಳಲೋ ಬೇಡವೋ ಎಂಬಂತೆ. "ಈ ಸಲ ನೀನು ಒಳಗೆ ಕೂತಿರಬೇಕಾಗುತ್ತೆ. ಪ್ರತಿ ಸಲ ನೋಡೋವಾಗಲೂ, ಇಬ್ಬರೂ."

"ಗುಂಡಿ ಹಚ್ಚೋದು, ಅಂಚು ಮಡಿಸೋದು ಇಲ್ಲಿ ಕೂತೇ ಮಾಡಬಹುದು" ಎಂದಳು. "ಬಾಗಿಲು ಸರಿಹೋಗೋವರೆಗೆ ಇರ್ತೀನಿ. ಆಮೇಲಿಂದು ಆಮೇಲೆ."

ಟ್ಯಾಂಕಣ್ಣ ಎಡಗಡೆ ಬಾಗಿಲಿನ ಸಂದನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. ಮನಸ್ಸಿನಲ್ಲೇ ಏನೋ ಅಳೆದು ಸುರಿದು, ಕೊನೆಗೆ ಹೇಳಿದ. "ಹಾಗಾದ್ರೆ ನಿಧಾನಕ್ಕೆ ಮಾಡ್ತೀನಿ."

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ಸ್ಕಾರ್ಫು ಹಿಂದಕ್ಕೆ ಜಾರಿತು. ಕಣ್ಣು ಒರೆಸಿಕೊಳ್ಳುತ್ತಲೇ ಅವನ ಭುಜಕ್ಕೆ ಒಂದು ಗುದ್ದು ಗುದ್ದಿದಳು. ಮನೆಯೊಳಗೆ ಫೋನು ಹೊಡೆದುಕೊಳ್ಳತೊಡಗಿತು, ಬಸ್ಸಿನ ಹೊತ್ತು ಕೇಳಲು ತಂಗಿಯೇ ಇರಬೇಕು. ಹೋಗಿ ಎತ್ತಬೇಕಾದರೆ ಇಬ್ಬರಲ್ಲಿ ಒಬ್ಬರು ಏಳಬೇಕಿತ್ತು. ಅದು ನಿಲ್ಲುವವರೆಗೂ ಇಬ್ಬರೂ ಕೂತೇ ಇದ್ದರು.