ಬಸ್ಸಿನಲ್ಲಿ ಒಂದು ಕನ್ನಡಿ ಪ್ರಯೋಗ

ಬಿ.ಎ. ಸೈಕಾಲಜಿ ಪ್ರಾಕ್ಟಿಕಲ್‌ಗೆ ಕಾಲೇಜಿಂದ ತಂದ ಕನ್ನಡಿ ಪೆಟ್ಟಿಗೆ ನನ್ನ ತೊಡೆ ಮೇಲಿತ್ತು. ವೈಟ್‌ಫೀಲ್ಡ್ ಬಸ್ಸು ಜಾಮಿನಲ್ಲಿ ಅಲ್ಲಾಡದೆ ನಿಂತಿತ್ತು.

“ಏನಮ್ಮ ಇದು?” ಅಂದರು ಕಂಡಕ್ಟರ್.

“ಕೈ ನೋಡ್ಬಾರ್ದು ಸಾರ್. ಕನ್ನಡಿ ಮಾತ್ರ ನೋಡ್ಕೊಂಡು ಈ ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಓಡಿಸ್ಬೇಕು. ಎಷ್ಟು ಹೊತ್ತಾಗತ್ತೆ ನೋಡ್ತೀನಿ.”

“ಅಷ್ಟೇನಾ?” ಅಂತ ಪಕ್ಕದಲ್ಲಿ ಕೂತೇಬಿಟ್ಟರು. ಮೊದಲ ಮೂಲೆಯಲ್ಲೇ ಪೆನ್ಸಿಲ್ ಅಡ್ಡಾದಿಡ್ಡಿ ಓಡಿತು. “ಅಯ್ಯೋ, ಕೈ ನನ್ ಮಾತೇ ಕೇಳ್ತಿಲ್ಲ!”

ಪ್ರಯೋಗಕ್ಕೆ ನಿಶ್ಶಬ್ದವಾದ ಕೋಣೆ ಬೇಕು ಅಂತ ನಮ್ಮ ಮೇಡಂ ಹೇಳಿದ್ದರು. ಇಲ್ಲಿ ಡ್ರೈವರ್ ಸಮೇತ ಎಲ್ಲರೂ ಎದ್ದು ಬಂದು “ಮೇಲಕ್ಕೆ ಅಣ್ಣ! ಅಲ್ಲಲ್ಲ, ಕೆಳಕ್ಕೆ!” ಅಂತ ಕೂಗ್ತಿದ್ದರು. ಕೊನೆ ಮೂಲೆ ಮುಗಿದಾಗ ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು.

“ಟೈಮ್ ಎಷ್ಟಾಯ್ತು?” ಕಂಡಕ್ಟರ್ ಬೆವರು ಒರೆಸಿಕೊಂಡರು.

ಎಲ್ಲರಿಗಿಂತ ಜೋರಾಗಿ ಕೂಗ್ತಿದ್ದ ನಾನು ಸ್ಟಾಪ್‌ವಾಚ್ ಒತ್ತೇ ಇರಲಿಲ್ಲ.

“ಜಾಮ್ ಇನ್ನೂ ಬಿಟ್ಟಿಲ್ವಲ್ಲ,” ಅಂದರು, “ಇನ್ನೊಂದು ಹಾಳೆ ತೆಗಿಯಮ್ಮ.”