ಮುನಿಗಂಗಮ್ಮನ ಬೈಗುಳ ಡೈಲಾಗ್ ಆದದ್ದು

ಗಂಟಲು ಹರಿದುಕೊಂಡು ಜಗಳವಾಡುವವರನ್ನು ಕಂಡರೆ ತಣಿಸಂದ್ರದ ಮುನಿಗಂಗಮ್ಮನಿಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಆಕೆ ಒಂದು ದಿನವೂ ದನಿ ಏರಿಸಿದವಳಲ್ಲ. ಮನೆಯವರ ರಾಗಿ ಹೊಲದ ಮೇಲೆ ಅಪಾರ್ಟ್‌ಮೆಂಟು ಎದ್ದ ಮೇಲೆ ಆಕೆ ಮೂರಂತಸ್ತಿನ ಮನೆ ಕಟ್ಟಿಸಿ, ಕೆಳಗೂ ಮೇಲೂ ಬಾಡಿಗೆಗೆ ಕೊಟ್ಟು, ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೇ ಎಲ್ಲರನ್ನೂ ಆಳುತ್ತಿದ್ದಳು.

ಯಾರಾದರೂ ಮೋಟರ್ ಆಫ್ ಮಾಡುವುದನ್ನು ಮರೆತು ಟ್ಯಾಂಕು ತುಂಬಿ ಹರಿದರೆ ಮೆಲ್ಲಗೆ ಕರೆಯುವಳು.

"ಬಾಪ್ಪಾ ಇಲ್ಲಿ. ನಾನಿನ್ನೂ ಒಳ್ಳೆ ಮಾತಲ್ಲೇ..."

ಇಷ್ಟು ಹೇಳಿ ನಿಲ್ಲಿಸುವಳು. ಎದುರಿನವನ ಮುಖ ಬಿಳಿಚಿಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ಮುಗಿಸುವಳು. "...ಇವ್ನಿ."

ತಪ್ಪು ಇನ್ನೂ ದೊಡ್ಡದಾಗಿದ್ದರೆ ಬೇರೆ ಮಾತು. "ಉಂಡ್ಯಾ? ಇಲ್ವಾ? ಓಗು, ಮುದ್ದೆ ಉಂಡ್ಕಂಡು ಬಾ. ಅಸ್ಕೊಂಡಿರೋರ ತಾವ ನಾನು ಜಗಳ ಆಡಾಕಿಲ್ಲ." ಹಾಗೆ ಉಣ್ಣಲು ಹೋದವನಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಗ ಮೇಲಿನ ಒಂಟಿ ರೂಮಿನಲ್ಲಿ ಚಿರಂತನ್ ಎಂಬಾತ ಬಾಡಿಗೆಗಿದ್ದ. ಸಿನಿಮಾಗೆ ಕತೆ ಬರೆಯುತ್ತೇನೆ ಎಂದಿದ್ದ. ಅಂದರೆ ಕೆಲಸ ಇಲ್ಲ ಎಂದು ಮುನಿಗಂಗಮ್ಮ ಅರ್ಥ ಮಾಡಿಕೊಂಡಿದ್ದಳು. ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತು, "ಅಜ್ಜಿ, ಇವತ್ತು ಯಾರಿಗಾದ್ರೂ ಬೈಯೋದಿದ್ಯಾ?" ಎಂದು ಕೇಳುತ್ತಿದ್ದ. ಹಿರಿಯರ ಮೇಲೆ ಎಷ್ಟು ಗೌರವ ಈ ಹುಡುಗನಿಗೆ ಎಂದು ಆಕೆ ಮೆಚ್ಚಿಕೊಂಡು, ಅವನಿದ್ದಾಗ ಸ್ವಲ್ಪ ಹುರುಪಿನಿಂದಲೇ ಬೈಯುತ್ತಿದ್ದಳು. ಆಮೇಲೆ ಅವನು ರೂಮು ಖಾಲಿ ಮಾಡಿ ಜಾಲಹಳ್ಳಿ ಕಡೆ ಹೋದ.

ಕೊರೋನಾ ಬರುವುದಕ್ಕೆ ಒಂದೆರಡು ವರ್ಷ ಮುಂಚೆ ಅವನ ಪಿಕ್ಚರ್ ಬಂತು, 'ಸೋಮವಾರ ಸಿಗ್ತೀನಿ'. ನಮ್ಮ ಮನೆಯಲ್ಲಿದ್ದವನ ಸಿನಿಮಾ ಎಂದು ಸೊಸೆ ರಾಧಾಮಣಿ ಅತ್ತೆಯನ್ನು ಯಶವಂತಪುರದ ಥಿಯೇಟರಿಗೆ ಕರೆದುಕೊಂಡು ಹೋದಳು. ಒಳಗೆ ಖಾಲಿ ಕುರ್ಚಿಗಳದ್ದೇ ರಾಜ್ಯ.

ಪರದೆಯ ಮೇಲೆ ಒಬ್ಬ ಡಾನ್. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕಪ್ಪು ಕನ್ನಡಕ, ಕೈಯಲ್ಲಿ ಬಂದೂಕಿಲ್ಲ, ಸೌಟು. ಮೋಸ ಮಾಡಿದ ಗೆಳೆಯನನ್ನು ಎದುರು ಕೂರಿಸಿಕೊಂಡು ಬಸ್ಸಾರಿಗೆ ಉಪ್ಪು ಸಾಕಾ, ಸೊಪ್ಪು ಎಳೆಯದಿದೆಯಾ ಎಂದು ವಿಚಾರಿಸುತ್ತಿದ್ದಾನೆ. ಆ ಗೆಳೆಯ ಕ್ಷಮೆ ಕೇಳಲು ಬಾಯಿ ತೆರೆದ. ಡಾನ್ ತಟ್ಟೆಗೆ ಮುದ್ದೆ ಇಕ್ಕುತ್ತಾ ಮೆಲ್ಲಗೆ ಅಂದ: "ಅಸ್ಕೊಂಡಿರೋರ ತಾವ ನಾನು ಜಗಳ ಆಡಾಕಿಲ್ಲ."

ಮುನಿಗಂಗಮ್ಮ ಕುರ್ಚಿಯಿಂದ ಎದ್ದು ನಿಂತಳು. "ಅಯ್ಯಯ್ಯೋ! ರಾಧಾ, ಇದು ನಂದು ಕಣೇ!"

"ಕೂತ್ಕೊಳ್ಳಿ ಅತ್ತೆ, ಜನ ನೋಡ್ತಾರೆ."

"ಯಾವ ಜನ? ಇರೋದೇ ನಾವು!"

ಡಾನ್ ಇಡೀ ಸಿನಿಮಾದಲ್ಲಿ ಆಕೆಯ ಮಾತನ್ನೇ ಆಡಿದ. ಆಡಿದಾಗಲೆಲ್ಲ ಒಬ್ಬೊಬ್ಬ ಸತ್ತ. ತನ್ನನ್ನು ಕೊಲೆಗಾರಳನ್ನಾಗಿ ಮಾಡಿಬಿಟ್ಟನಲ್ಲ ಎಂದು ಆಕೆಗೆ ಉರಿದುಹೋಯಿತು. ಮರುದಿನ ಫೋನ್ ಮಾಡಿ ಚಿರಂತನನನ್ನು ಕರೆಸಿದಳು. ಅವನು ಸ್ವೀಟ್ ಬಾಕ್ಸ್ ಹಿಡಿದು ಗೇಟಿನ ಹೊರಗೇ ನಿಂತ.

"ಅಜ್ಜಿ, ತಪ್ಪಾಯ್ತು. ನಿಮ್ಮನ್ನ ಕೇಳ್ಬೇಕಿತ್ತು."

"ಉಂಡ್ಯಾ?" ಎಂದಳು ಮುನಿಗಂಗಮ್ಮ.

ಚಿರಂತನನ ಕೈಯಿಂದ ಸ್ವೀಟ್ ಬಾಕ್ಸ್ ಜಾರಿತು. ಆ ಮುಖ ನೋಡಿ ಆಕೆಗೇ ನಗು ಬಂದುಬಿಟ್ಟಿತು. ಪಿಕ್ಚರ್ ಹೇಗೂ ಓಡುತ್ತಿಲ್ಲ, ಇನ್ನು ಇವನಿಗೆ ಬೈದು ಏನು ಮಾಡುವುದು ಎಂದು ಊಟ ಹಾಕಿ ಕಳಿಸಿದಳು. ಸಿನಿಮಾ ಆ ವಾರವೇ ಎತ್ತಂಗಡಿಯಾಯಿತು.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತ ಜನ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ನೋಡಿ ಮುಗಿಸಿ, ಕೊನೆಗೆ 'ಸೋಮವಾರ ಸಿಗ್ತೀನಿ'ಗೂ ಬಂದರು. ನೋಡಿದವರು ಇನ್ನೊಂದು ಸಲ ನೋಡಿದರು. ಮದುವೆ ಮನೆಗಳಲ್ಲಿ ಬಡಿಸುವವರು "ಅಸ್ಕೊಂಡಿರೋರ ತಾವ" ಅಂದರು. ಆಫೀಸುಗಳಲ್ಲಿ ಮ್ಯಾನೇಜರುಗಳು "ನಾನಿನ್ನೂ ಒಳ್ಳೆ ಮಾತಲ್ಲೇ" ಎಂದು ನಿಲ್ಲಿಸಿದರು. ನೀರು ತರುವ ಅಕ್ಬರ್ ಪಾಷಾ ತನ್ನ ಟ್ಯಾಂಕರಿನ ಹಿಂದೆ ಆ ಸಾಲನ್ನು ಕೆಂಪು ಬಣ್ಣದಲ್ಲಿ ಬರೆಸಿಕೊಂಡ.

"ಏನ್ ಪಾಷಾ ಇದು?" ಎಂದಳು ಮುನಿಗಂಗಮ್ಮ.

"ಪಿಕ್ಚರ್ ಡೈಲಾಗ್ ಅಮ್ಮಾ. ನಿಮ್ಗೆ ಇವೆಲ್ಲ ಗೊತ್ತಾಗಲ್ಲ ಬಿಡಿ."

ಆಕೆ ನುಂಗಿಕೊಂಡಳು. ನುಂಗಲಾಗದ್ದು ಬೇರೆಯೇ ಇತ್ತು. ಈಗ ಆಕೆ ಬೈದರೆ ಯಾರೂ ಹೆದರುತ್ತಿರಲಿಲ್ಲ. ಹೊಸದಾಗಿ ಬಂದ ಬಾಡಿಗೆದಾರ ಸತೀಶ್ ಗೇಟಿಗೆ ಅಡ್ಡ ಬೈಕು ನಿಲ್ಲಿಸಿದ. ಆಕೆ ಮೆಲ್ಲಗೆ "ನಾನಿನ್ನೂ ಒಳ್ಳೆ ಮಾತಲ್ಲೇ..." ಎಂದು ನಿಲ್ಲಿಸಿದ್ದೇ ತಡ, ಅವನು ಚಪ್ಪಾಳೆ ಹೊಡೆದ. "ಅಜ್ಜಿ, ಸೂಪರ್! ಸೇಮ್ ಟು ಸೇಮ್! ಇನ್ನೊಂದ್ಸಲ ಹೇಳಿ, ವಿಡಿಯೋ ಮಾಡ್ತೀನಿ."

ತನ್ನ ಮಾತನ್ನು ತಾನೇ ಮಿಮಿಕ್ರಿ ಮಾಡಿದಂತಾಯಿತು. ಮುನಿಗಂಗಮ್ಮ ಎರಡು ದಿನ ಬೆಂಚಿನ ಮೇಲೆ ಕೂರಲೇ ಇಲ್ಲ. ಬೈಕು ಅಡ್ಡವೇ ನಿಂತಿತ್ತು.

ಕೊನೆಗೆ ಆಕೆ ತನ್ನ ಕಷ್ಟ ಹೇಳಿಕೊಂಡದ್ದು ಕೆಳಗಿನ ಮನೆಯ ಗೌತಮಿಯ ಹತ್ತಿರ. ಹೆಬ್ಬಾಳದ ಕಡೆ ಆಫೀಸಿಗೆ ಹೋಗುತ್ತಿದ್ದ ಗೌತಮಿಗೆ ಆ ಸಿನಿಮಾದ ಹುಚ್ಚು.

"ಅಂಥಾದ್ದು ಏನೈತವ್ವಾ ಅದ್ರಾಗೆ? ಒಂದು ಸಲ ನೋಡಿದ್ಮೇಲೆ ಯಾರ್ ಸಾಯ್ತಾರೆ ಅಂತ ಗೊತ್ತಾಯ್ತಲ್ಲ."

"ಅದೇ ಮಜಾ ಅಜ್ಜಿ. ಸಾಯ್ತಾನೆ ಅಂತ ಮೊದ್ಲೇ ಗೊತ್ತು. ಆದ್ರೆ ಉಪ್ಪು, ಸೊಪ್ಪು ಅಂತ ಮಾತಾಡ್ತಿರೋವರ್ಗೂ ಅವ್ನು ಬದುಕಿರ್ತಾನಲ್ವಾ? ಮಾತು ನಿಲ್ಲದೇ ಇರ್ಲಿ ಅನ್ಸುತ್ತೆ. ಬಂದೂಕು ಹೊಡೆಯೋದನ್ನ ಎಷ್ಟು ಸಲ ನೋಡೋಕಾಗುತ್ತೆ? ಈ ಮಾತನ್ನ ನಾವೂ ಆಡ್ಬಹುದು. ಆಮೇಲೆ ಆ ಗ್ಯಾಪ್ ಇದ್ಯಲ್ಲ, 'ಒಳ್ಳೆ ಮಾತಲ್ಲೇ' ಆದ್ಮೇಲೆ? ಅಲ್ಲೇ ಎದೆ ಢವಢವ ಅನ್ನೋದು."

"ಗ್ಯಾಪ್ ಅಲ್ಲ ಕಣವ್ವಾ. ಎಲೆಅಡಿಕೆ. ಅಲ್ಲಿಗೆ ಬರೋಷ್ಟ್ರಲ್ಲಿ ಬಾಯಿ ತುಂಬ್ಕೊಂತದೆ. ಈ ದವಡೆಯಿಂದ ಆ ದವಡೆಗೆ ಹಾಕ್ಕೋಬೇಕಲ್ಲ."

ಗೌತಮಿ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆದ್ರೂ ಎದೆ ಢವಢವ ಅನ್ನುತ್ತೆ ಅಜ್ಜಿ!"

ಆ ವರ್ಷವೇ ಸಿನಿಮಾ ಮತ್ತೆ ಥಿಯೇಟರಿಗೆ ಬಂತು. ಮೊದಲ ಆಟಕ್ಕೆ ಚಿರಂತನನೇ ಬಂದು ಮುನಿಗಂಗಮ್ಮ, ರಾಧಾಮಣಿ, ಗೌತಮಿ ಮೂವರನ್ನೂ ಕರೆದುಕೊಂಡು ಹೋದ. ಹಿಂದೊಮ್ಮೆ ಖಾಲಿ ಹೊಡೆದಿದ್ದ ಅದೇ ಹಾಲ್ ಈಗ ತುಂಬಿ ತುಳುಕುತ್ತಿತ್ತು. ಬಿಳಿ ಪಂಚೆ, ಕಪ್ಪು ಕನ್ನಡಕ ಹಾಕಿಕೊಂಡು ಬಂದವರೇ ಹಲವರು. ಡಾನ್ ಬಾಯಿ ತೆರೆಯುವ ಮೊದಲೇ ಇಡೀ ಹಾಲ್ ಮಾತು ಹೇಳುತ್ತಿತ್ತು. "ಒಳ್ಳೆ ಮಾತಲ್ಲೇ" ಬಂದಾಗ ಮಾತ್ರ ಅಷ್ಟೂ ಜನ ಒಟ್ಟಿಗೆ ಸುಮ್ಮನಾದರು. ಆ ನಿಶ್ಶಬ್ದದಲ್ಲಿ ಮುನಿಗಂಗಮ್ಮನಿಗೆ ಮೈ ಜುಂ ಎಂದಿತು. ತನ್ನ ಒಂದು ಬಾಯಿ ಎಲೆಅಡಿಕೆಗಾಗಿ ಊರಿಗೆ ಊರೇ ಉಸಿರು ಬಿಗಿಹಿಡಿದು ಕಾಯುತ್ತಿದೆ!

ಆಟ ಮುಗಿದ ಮೇಲೆ ಚಿರಂತನ್ ವೇದಿಕೆ ಹತ್ತಿ, "ನಿಜವಾದ ಡಾನ್ ಇಲ್ಲೇ ಕೂತಿದಾರೆ," ಎಂದು ಆಕೆಯನ್ನು ಕರೆದ. ಮೈಕು ಕೈಗೆ ಬಂತು. ಜನ "ಡೈಲಾಗ್! ಡೈಲಾಗ್!" ಎಂದು ಕೂಗಿದರು. ಮುನಿಗಂಗಮ್ಮ ಬಾಯಿ ತೆರೆದಳು.

"ಸಿಟ್ಟು ಬರ್ದೆ ಎಂಗಪ್ಪಾ ಬೈಯೋದು?" ಎಂದಳು. ಹಾಲ್ ನಕ್ಕಿತು. ಆಕೆ ಮೈಕನ್ನು ವಾಪಸು ಕೊಡಲಿಲ್ಲ.

"ಇದು ನಂದೂ ಅಲ್ಲ. ನಮ್ಮತ್ತೆ ಅಕ್ಕಯ್ಯಮ್ಮಂದು. ನಾನು ಮದ್ವೆಯಾಗಿ ಬಂದ ಒಸದ್ರಲ್ಲಿ ಬೇಲಿ ಮುಚ್ಚೋದು ಮರ್ತಿದ್ದೆ. ಪಕ್ಕದ ಮನೆ ಎಮ್ಮೆ ನುಗ್ಗಿ ಮಡೀಲಿ ಬೆಳ್ದಿದ್ದ ಸೊಪ್ಪೆಲ್ಲ ಮೇಯ್ಕೊಂಡು ಓಯ್ತು. ಇವತ್ತು ನನ್ ಕತೆ ಮುಗೀತು ಅಂದ್ಕೊಂಡೆ. ಅತ್ತೆ ಮುದ್ದೆ ಇಕ್ಕಿ, ಅಸ್ಕೊಂಡಿರೋರ ತಾವ ನಾನು ಜಗಳ ಆಡಾಕಿಲ್ಲ ಅಂದ್ಲು. ಅಳ್ತಾ ಅಳ್ತಾ ಉಂಡೆ. ನಾನು ಉಂಡು ಮುಗ್ಸೋ ಅಷ್ಟ್ರಲ್ಲಿ ಅವಳ್ಗೆ ಸಿಟ್ಟೇ ಇಳ್ದೋಗಿತ್ತು. ಇವ್ನು ನೋಡಿ, ಪಿಚ್ಚರ್‌ನಾಗೆ ಉಂಡೋನ್ನ ಸಾಯಿಸ್ಬುಟ್ಟ. ಅದೊಂದು ತೆಪ್ಪು."

ಚಪ್ಪಾಳೆ, ಶಿಳ್ಳೆ ನಿಲ್ಲುವುದಕ್ಕೆ ಬಹಳ ಹೊತ್ತಾಯಿತು. ಚಿರಂತನ್ ತಲೆ ತಗ್ಗಿಸಿ ಕೈ ಮುಗಿದ. ಹೊರಗೆ ಬಿಳಿ ಪಂಚೆಯ ಹುಡುಗರು ಸೆಲ್ಫಿಗೆ ಮುತ್ತಿಕೊಂಡರು. ಮುನಿಗಂಗಮ್ಮ ಒಬ್ಬನ ಕನ್ನಡಕ ಇಸಿದುಕೊಂಡು ಹಾಕಿಕೊಂಡು ನಿಂತಳು.

ಆಮೇಲೆ ನಾಲ್ವರೂ ಅಲ್ಲೇ ಹತ್ತಿರದ ಹೋಟೆಲಿನಲ್ಲಿ ದೋಸೆ ತಿನ್ನಲು ಕೂತರು. ಚಟ್ನಿ ಬಗ್ಗಿಸಿಕೊಳ್ಳುತ್ತಾ ರಾಧಾಮಣಿ ಕೇಳಿದಳು, "ಅಲ್ಲ ಅತ್ತೆ, ಇಷ್ಟು ವರ್ಷದಲ್ಲಿ ನಿಮ್ಮತ್ತೆ ಬಗ್ಗೆ ಒಂದು ಮಾತೂ ಹೇಳಿರ್ಲಿಲ್ವಲ್ಲ. ತುಂಬಾ ಬೈತಿದ್ರಾ?"

"ಬೈತಿದ್ಲು," ಎಂದಳು ಮುನಿಗಂಗಮ್ಮ ದೋಸೆ ಮುರಿಯುತ್ತಾ. "ಏನ್ ಚೆನ್ನಾಗಿ ಬೈತಿದ್ಲು ಅಂತೀಯಾ!"