ಕಡೆಯ ಸೀರೆ ಉಡಿಸುವ ಟೈಲರಮ್ಮ

ಫೋನು ಬಂದಾಗ ಟೈಲರಮ್ಮ ಯಾರದೋ ಪ್ಯಾಂಟಿನ ಸೊಂಟದ ಹೊಲಿಗೆ ಬಿಚ್ಚುತ್ತಿದ್ದಳು. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡಿದ್ದರಿಂದ ಮೊದಲು ಮಾತಾಡಲಾಗಲಿಲ್ಲ. ಆ ಕಡೆಯಿಂದ ಗೆಳತಿಯ ಗಂಡ, "ತಂಗೀ, ಹೋಗಿಬಿಟ್ಟಳು" ಎಂದರು. ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚುವ ಹೊತ್ತಿಗೆ ಅವರು ಮುಂದಿನ ಮಾತನ್ನೂ ಹೇಳಿ ಮುಗಿಸಿದ್ದರು. "ನೀನೇ ಬಂದು ಉಡಿಸಬೇಕಂತೆ. ಆಸ್ಪತ್ರೆಯಲ್ಲೇ ನನ್ನ ಹತ್ರ ಮಾತು ತಗೊಂಡಿದ್ದಾಳೆ. ಸೀರೆ, ಕುಂಕುಮ, ಎಲ್ಲಾ ನಿನ್ನ ಕೈಯಿಂದಲೇ ಆಗಬೇಕಂತೆ."

"ಬರ್ತೀನಿ ಅಣ್ಣ" ಎಂದಳು ಟೈಲರಮ್ಮ. ಸ್ವಲ್ಪ ತಡೆದು, "ಆದ್ರೆ ಯಾರಾದ್ರೂ ಮುತ್ತೈದೆಯರನ್ನ ಗೊತ್ತು ಮಾಡಿಡಿ" ಎಂದಳು.

ಆಕೆ ಹಾಗೆ ಹೇಳಿದ್ದು ಏಕೆಂದು ಅವರಿಗೆ ಗೊತ್ತಿತ್ತು. ಟೈಲರಮ್ಮನ ಗಂಡ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದ. ಗಂಡನಿರುವಾಗಲೇ ಕಣ್ಣು ಮುಚ್ಚಿದ ಹೆಂಗಸಿನ ಹಣೆಗೆ ಗಂಡ ಸತ್ತವಳು ಕುಂಕುಮ ಇಡಬಾರದು ಎಂಬುದು ಅವರೆಲ್ಲ ಊರಿನಿಂದ ಹೊತ್ತು ತಂದ ಸಾಮಾನುಗಳಲ್ಲಿ ಒಂದು. ಇಲ್ಲಿಗೆ ಬಂದ ಮೇಲೆ ಎಷ್ಟೋ ಸಾಮಾನು ಕಳೆದುಹೋಗಿತ್ತು. ಇದು ಹೋಗಿರಲಿಲ್ಲ.

ಆಕೆಯ ಅಂಗಡಿ ಬೀಗದ ಕೈ ಮಾಡುವವನಿಗೂ ಮೊಬೈಲ್ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಒಂದು ಗೂಡು. ಒಂದು ಮಿಷನ್ನು, ಒಂದು ಇಸ್ತ್ರಿ ಮೇಜು, ಬಟ್ಟೆ ಹಾಕಿ ನೋಡುವವರಿಗೆಂದು ಮೂಲೆಯಲ್ಲಿ ಕಂಬಿಗೆ ಇಳಿಬಿಟ್ಟ ಪರದೆ. ಮದುವೆಯಾಗಿ ಈ ದೇಶಕ್ಕೆ ಬಂದಾಗ ಗಂಡ ಬಸ್ಸು ಓಡಿಸುತ್ತಿದ್ದ. ಆಕೆ ಮನೆಯಲ್ಲೇ ಕೂತು ರವಿಕೆ ಹೊಲಿಯಲು ಶುರು ಮಾಡಿದಳು. ಆಮೇಲೆ ಅಂಗಡಿಯಾಯಿತು. ಇನ್ನೊಂದು ಕೆಲಸ ಮಾತ್ರ ಕೇಳದೆಯೇ ಬಂದು ಕೈಗೆ ಅಂಟಿಕೊಂಡಿತು.

ಪಕ್ಕದ ಬೀದಿಯ ಮನೆಯೊಂದರಲ್ಲಿ ವಯಸ್ಸಾದ ಅತ್ತೆ ತೀರಿಕೊಂಡಿದ್ದರು. ಶವಸಂಸ್ಕಾರದ ಸಂಸ್ಥೆಯವರು ತಮಗೆ ತಿಳಿದ ಮಟ್ಟಿಗೆ ಮರ್ಯಾದೆಯಿಂದಲೇ ಎಲ್ಲ ಮಾಡಿದ್ದರು. ಆದರೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ತೊಟ್ಟಿಲ ಮಗುವಿಗೆ ಹೊದಿಸಿದ ಹಾಗೆ ಗಲ್ಲದವರೆಗೆ ಹೊದಿಸಿಟ್ಟಿದ್ದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಸೊಸೆ ಅದನ್ನು ನೋಡಿ ಕುಸಿದು ಕೂತಳು. ಮುಖ ನೋಡಲು ಬಂದಿದ್ದ ಟೈಲರಮ್ಮ ಸಂಸ್ಥೆಯ ಯಜಮಾನನ ಕಡೆ ತಿರುಗಿ, "ಕತ್ತರಿ ಇದೆಯಾ?" ಎಂದು ಕೇಳಿದಳು.

ಸತ್ತ ಮೈ ಬಗ್ಗುವುದಿಲ್ಲ, ಕೈ ಎತ್ತುವುದಿಲ್ಲ. ರವಿಕೆಯನ್ನು ಬೆನ್ನಿನ ಉದ್ದಕ್ಕೂ ಸೀಳಿ ಮುಂದಿನಿಂದ ತೊಡಿಸಬೇಕು. ನೆರಿಗೆಯನ್ನು ಮನೆಯಲ್ಲೇ ಹಿಡಿದು ಹತ್ತಿಯ ದಾರದಲ್ಲಿ ಟಾಕು ಹಾಕಿ ತರಬೇಕು, ಏಕೆಂದರೆ ಪಿನ್ನು, ಹುಕ್ಕು, ಜಿಪ್ಪು ಯಾವುದೂ ಚಿತಾಗಾರದ ಕುಲುಮೆಗೆ ಹೋಗುವಂತಿಲ್ಲ. ಸೀರೆ ರೇಷ್ಮೆಯೋ ಹತ್ತಿಯೋ ಆಗಿರಬೇಕು. ಗಾಜಿನ ಬಳೆ ನೋಡುವವರಿಗಾಗಿ ತೊಡಿಸಿ, ಪೆಟ್ಟಿಗೆಯ ಮುಚ್ಚಳ ಹಾಕುವ ಮುನ್ನ ತೆಗೆಯಬೇಕು. ತಾಳಿಯ ಚಿನ್ನ ಬಿಚ್ಚಿ ಅದೇ ದಾರಕ್ಕೆ ಅರಿಸಿನದ ಕೊಂಬು ಕಟ್ಟಬೇಕು. ಇದನ್ನೆಲ್ಲ ಆಕೆ ಒಂದೊಂದು ಹೆಣದಿಂದ ಒಂದೊಂದಾಗಿ ಕಲಿತಳು. ಯಾವಾಗಲೂ ಒಂದೇ ಬಣ್ಣದ ಕೋಟು ಹಾಕುತ್ತಿದ್ದ ಯಜಮಾನನಿಗೆ ನಮ್ಮವರೆಲ್ಲ ಕರಿಕೋಟು ಎಂದು ಹೆಸರಿಟ್ಟರು. ಅವನ ಹತ್ತಿರ ಆಕೆಗೆ ಹೆಚ್ಚು ಮಾತು ಬೇಕಾಗುತ್ತಿರಲಿಲ್ಲ, ಕೈಸನ್ನೆ ಸಾಕಾಗುತ್ತಿತ್ತು.

ಜೊತೆಗೆ ಬರುತ್ತಿದ್ದವಳು ಈಗ ತೀರಿಕೊಂಡ ಈ ಗೆಳತಿಯೇ. ಅವಳನ್ನು ಗಿರಣಿ ಎಂದೇ ಕರೆಯುತ್ತಿದ್ದರು. ಬಾಯಿಗೆ ಬಿಡುವೇ ಇರಲಿಲ್ಲ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಹೆಣ ಮುಟ್ಟಲು ಅವಳಿಗೆ ಭಯ, ಆದರೆ ಮಾತಾಡಿಸಲು ಭಯವಿರಲಿಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತು, "ಏನಜ್ಜೀ, ಕಡೆಗೂ ಸೊಸೆ ಕೈಯಿಂದ ತಪ್ಪಿಸಿಕೊಂಡ್ಯಲ್ಲ" ಎಂದು ಶುರು ಮಾಡಿದರೆ ಟೈಲರಮ್ಮ ನಗು ತಡೆಯಲಾರದೆ ದಾರ ಕೈಬಿಡುತ್ತಿದ್ದಳು. ಒಮ್ಮೆ ಯಾರೋ ನೆಂಟರು ಬೇಡವೆಂದರೂ ಕೇಳದೆ ಕರ್ಪೂರ ಹಚ್ಚಿ, ಹೊಗೆಗೆ ಚಾವಣಿಯ ಬೆಂಕಿಗಂಟೆ ಹೊಡೆದುಕೊಳ್ಳುವಂತೆ ಮಾಡಿ, ಇಡೀ ಕಟ್ಟಡ ಖಾಲಿ ಮಾಡಿಸಿದ್ದರು. "ನೋಡಿದ್ಯಾ, ಸತ್ತವರೊಬ್ಬರು ಬೆಚ್ಚಗೆ ಒಳಗೆ, ನಾವೆಲ್ಲ ಚಳಿಯಲ್ಲಿ ಬೀದಿಯಲ್ಲಿ" ಎಂದಿದ್ದಳು ಗಿರಣಿ.

ಟೈಲರಮ್ಮನ ಗಂಡ ಹೋದ ದಿನ ಮಾತ್ರ ಗಿರಣಿ ತಮಾಷೆ ಮಾಡಲಿಲ್ಲ. ಬಳೆ ಒಡೆಯುವ, ಹಣೆ ಒರೆಸುವ ಮಾತೆತ್ತಿದ ಹಿರಿಯರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಳು. "ಯಾರಾದ್ರೂ ಇವಳ ಹಣೆ ಮುಟ್ಟಿದ್ರೆ ನಾನು ಮನುಷ್ಯಳಾಗಿರಲ್ಲ." ಯಾರೂ ಮುಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಟೈಲರಮ್ಮ ಬಚ್ಚಲಿನ ಕನ್ನಡಿಯ ಮುಂದೆ ನಿಂತು ತಾನೇ ಒರೆಸಿಕೊಂಡಳು. ಬಳೆಯನ್ನು ಸೋಪು ಹಚ್ಚಿ ಕಳಚಿ ಡಬ್ಬಿಯಲ್ಲಿಟ್ಟಳು. ಮರುದಿನ ನೋಡಿದ ಗಿರಣಿ, "ಹಣೆ ಏನು ಬಾಡಿಗೆಗೆ ಖಾಲಿ ಬಿಟ್ಟಿದ್ದೀಯಾ?" ಎಂದು ಬೈದಳು. ಆಮೇಲೂ ಸಿಕ್ಕಾಗಲೆಲ್ಲ ಬೈಯುತ್ತಿದ್ದಳು.

ಆ ಬೇಸಗೆಯಲ್ಲಿ ಒಂದು ಮನೆಯಿಂದ ಕರೆ ಬಂತು. ಸತ್ತವರು ಮುತ್ತೈದೆ. ಟೈಲರಮ್ಮ ಕತ್ತರಿ, ದಾರ ಚೀಲಕ್ಕೆ ಹಾಕಿಕೊಂಡು ಬಾಗಿಲಿಗೆ ಬೀಗ ಹಾಕುವಾಗ ಮತ್ತೆ ಫೋನು. "ನಿಮಗ್ಯಾಕೆ ತೊಂದರೆ? ಬೇರೆಯವರು ಸಿಕ್ಕಿದ್ದಾರೆ." ದನಿಯಲ್ಲಿ ತುಂಬ ವಿನಯವಿತ್ತು. ಅಂದಿನಿಂದ ಆಕೆ ವಿಧವೆಯರಿಗೆ ಮಾತ್ರ ಉಡಿಸಲು ಹೋಗುತ್ತಿದ್ದಳು.

ಗಿರಣಿಯ ಮನೆಯ ಹಜಾರದಲ್ಲಿ ಸೋಫಾಗಳನ್ನು ಗೋಡೆಗೆ ತಳ್ಳಿ ಚಾಪೆ ಹಾಸಿದ್ದರು. ಶವ ಸಂಸ್ಥೆಯ ತಣ್ಣನೆಯ ಕೋಣೆಯಲ್ಲಿತ್ತು. ಚಿತಾಗಾರದಲ್ಲಿ ಸರದಿ ಸಿಗುವವರೆಗೂ ಕಾಯಬೇಕಿತ್ತು. ಗಂಡ ಕಿಟಕಿಯ ಬಳಿ ಸುಮ್ಮನೆ ಕೂತಿದ್ದರು. ಅವರ ಅಕ್ಕ ವಿಮಾನ ಹತ್ತಿ ಬಂದಿದ್ದರು. ಮನೆಯ ಮಗಳಿಗೆ ಆಕೆ ದೊಡ್ಡತ್ತೆ, ಹಾಗಾಗಿ ಬಂದವರಿಗೆಲ್ಲ ದೊಡ್ಡತ್ತೆ. ಮಗಳು ದಿನ ತುಂಬುತ್ತಾ ಬಂದ ಬಸುರಿ.

"ನಿನ್ನ ಮೇಲೆ ನಂಗೇನೂ ಇಲ್ಲಮ್ಮ" ಎಂದರು ದೊಡ್ಡತ್ತೆ. "ಮುತ್ತೈದೆ ಸಾವು, ಎಲ್ಲರಿಗೂ ಸಿಗೋದಲ್ಲ. ನಾಳೆ ಯಾರೂ ಒಂದು ಮಾತು ಆಡೋ ಹಾಗಾಗಬಾರದು."

"ನಾನೇ ಅಣ್ಣನ ಹತ್ರ ಹೇಳಿದ್ದೀನಿ ಅಕ್ಕ" ಎಂದಳು ಟೈಲರಮ್ಮ.

"ಯಾರು ಆಡ್ತಾರೆ ದೊಡ್ಡತ್ತೆ?" ಎಂದಳು ಮಗಳು. "ಪಕ್ಕದ ಮನೆಯವರ ಹೆಸರೇ ನಮಗೆ ಗೊತ್ತಿಲ್ಲ."

"ನೀನು ಸುಮ್ನಿರು. ಬಸುರಿ ಹೆಂಗಸು ಇಂಥ ಮಾತಿನ ಮಧ್ಯೆ ಇರಬಾರದು."

"ಅಮ್ಮನ ಮುಖ ನೋಡಬಾರದು, ಅಲ್ಲಿಗೆ ಬರಬಾರದು, ಮಾತೂ ಆಡಬಾರದು. ಉಸಿರಾದ್ರೂ ಆಡಬಹುದಾ?"

ದೊಡ್ಡತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಕೊನೆಗೆ ಒಂದು ಏರ್ಪಾಡಾಯಿತು. ಪರಿಚಯದ ಇಬ್ಬರು ಹೆಂಗಸರು, ಒಬ್ಬಳು ಬ್ಯಾಂಕಿನವಳು, ಇನ್ನೊಬ್ಬಳು ಕಾರು ಓಡಿಸುವುದನ್ನು ಕಲಿಸುವವಳು, ಒಳಗೆ ಉಡಿಸಬೇಕು. ಟೈಲರಮ್ಮ ಬಾಗಿಲ ಹೊರಗೆ ಕೂತು ಹೇಳಿಕೊಡಬೇಕು.

ಹೊರಡುವಾಗ ಮಗಳು ಆಕೆಯನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. "ಚಿಕ್ಕಮ್ಮ, ನಂಗೆ ಬರೋಕೆ ಬಿಡಲ್ಲ. ನನ್ನ ಬದಲು ನೀವು ಅಂದುಕೊಂಡಿದ್ದೆ. ಅಮ್ಮ ಕೇಳಿದ್ದೂ ನಿಮ್ಮನ್ನೇ. ಹೇಗಾದ್ರೂ ಮಾಡಿ ನೀವೇ ಮಾಡಿ."

"ನೋಡೋಣ ಮಗಳೇ" ಎಂದಳು ಟೈಲರಮ್ಮ. ಆಗುವುದಿಲ್ಲ ಎನ್ನಲು ಆ ಹೊತ್ತಿನಲ್ಲಿ ಆಕೆಗೆ ನಾಲಗೆ ಹೊರಳಲಿಲ್ಲ.

ಗಿರಣಿಯ ಹಸಿರು ರೇಷ್ಮೆಯನ್ನು ಅಂಗಡಿಗೆ ತಂದು ಇಸ್ತ್ರಿ ಮೇಜಿನ ಮೇಲೆ ಹರಡಿ ನೆರಿಗೆ ಹಿಡಿದಳು. ರವಿಕೆ ತಾನೇ ಹೊಲಿದದ್ದು. ತೋಳು ಬಿಗಿ ಎಂದು ಗಿರಣಿ ಎರಡು ಸಲ ವಾಪಸು ತಂದಿದ್ದಳು. ಈಗ ಬೆನ್ನು ಸೀಳಿದಾಗ ಬಟ್ಟೆ ಸದ್ದಿಲ್ಲದೆ ಬಾಯಿ ತೆರೆಯಿತು. ಬೀಗದ ಕೈಯವನು ಇಣುಕಿ ನೋಡಿ, ಏನೂ ಕೇಳದೆ ತನ್ನ ಮಿಷನ್ನು ನಿಲ್ಲಿಸಿದ.

ಸರದಿ ಬಂದ ದಿನ ಬೆಳಿಗ್ಗೆ ಎಲ್ಲರೂ ಸಂಸ್ಥೆಯಲ್ಲಿ ಸೇರಿದರು. ಉಡಿಸುವ ಕೋಣೆಗೆ ನೆಲದಿಂದ ಚಾವಣಿಯವರೆಗೂ ಬಿಳಿ ಟೈಲ್ಸು. ಒಂದು ನಲ್ಲಿ, ನೀರು ಹರಿದುಹೋಗಲು ಇಳಿಜಾರಾದ ಉಕ್ಕಿನ ಮೇಜು, ಗೋಡೆಯ ಪಕ್ಕ ಒಂದು ಸ್ಟೂಲು. ಬಾಗಿಲ ಹೊರಗಿನ ಕಾರಿಡಾರಿನಲ್ಲಿ ಟೈಲರಮ್ಮನಿಗೆ ಕುರ್ಚಿ ಹಾಕಿದ್ದರು. ಕರಿಕೋಟು ಆಕೆಯನ್ನು ಅಲ್ಲಿ ಕಂಡು ನಿಂತ.

"ಇಲ್ಲೇಕೆ ಕೂತಿದ್ದೀರಿ?"

"ನನ್ನ ಗಂಡ ಸತ್ತಿದ್ದಾನೆ" ಎಂದಳು ಆಕೆ.

"ಗೊತ್ತು. ನಾನೇ ಅಲ್ಲವೆ ಎಲ್ಲಾ ಮಾಡಿದ್ದು. ಆ ಬಗ್ಗೆ ಇನ್ನೂ ದುಃಖವಿದೆ" ಎಂದು ಅವನು ತಲೆ ಬಾಗಿಸಿ ಕಾದ. ಉತ್ತರ ಇನ್ನೂ ಬಾಕಿಯಿದೆ ಎಂದುಕೊಂಡಿದ್ದ.

ಬಾಗಿಲು ಅರ್ಧ ತೆರೆದಿತ್ತು. ಸ್ಟೂಲಿನ ಮೇಲೆ ದೊಡ್ಡತ್ತೆ ಕೂತಿದ್ದರು. ಇಬ್ಬರು ಹೆಂಗಸರು ಬಿಸಿನೀರು ಸುರಿದು, ಅರಿಸಿನ ಹಚ್ಚಿ, ಒರೆಸಿದರು.

"ರವಿಕೆ ಆಯ್ತು" ಎಂದು ಒಳಗಿನಿಂದ ಬ್ಯಾಂಕಿನವಳು ಕೂಗಿದಳು.

"ಈಗ ನೆರಿಗೆ ಮುಂದೆ ಇಡಿ. ಅಂಚು ಹಿಮ್ಮಡಿ ಮುಟ್ಟಲಿ. ಆಮೇಲೆ ಒಂದೇ ಸಲ ಮಗ್ಗುಲಿಗೆ ಹೊರಳಿಸಿ ಕೆಳಗಿನಿಂದ ಎಳೀಬೇಕು. ಒಬ್ಬರು ಹೆಗಲು ಹಿಡೀರಿ, ಇನ್ನೊಬ್ಬರು ಸೊಂಟ."

"ಭಾರ ಕಣ್ರೀ."

"ಹೆಗಲು ತಿರುಗಿದ್ರೆ ಮೈ ತಾನೇ ಬರುತ್ತೆ. ಹೆದರಬೇಡಿ."

ಮೈ ಹೊರಳಿತು. ಅದರ ಜೊತೆಗೆ ಎದೆಯೊಳಗಿನಿಂದ ನಿಟ್ಟುಸಿರಿನಂಥ ಸದ್ದು ಬಂತು. ಕಾರು ಕಲಿಸುವವಳು ಚೀರಿದಳು. ಬ್ಯಾಂಕಿನವಳು ಬಾಗಿಲನ್ನು ಗೋಡೆಗೆ ಬಡಿದು ಹೊರಗೆ ಓಡಿಬಂದಳು. "ಉಸಿರು ಬಿಟ್ರು! ನಾನೇ ಕೇಳಿಸಿಕೊಂಡೆ!"

"ಗಾಳಿ ಅದು. ಹೊರಳಿಸಿದಾಗ ಬರುತ್ತೆ. ಎಲ್ಲರಿಗೂ ಬರುತ್ತೆ" ಎಂದಳು ಟೈಲರಮ್ಮ. ಕೇಳುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತುಬಿಟ್ಟರು. ಕರಿಕೋಟು ಬಂದು ತಗ್ಗಿದ ದನಿಯಲ್ಲಿ, ಸರದಿ ತಪ್ಪಿದರೆ ಇನ್ನೊಂದು ವಾರ ಆಗುತ್ತದೆ ಎಂದ.

ಟೈಲರಮ್ಮ ಹೊಸ್ತಿಲ ಮೇಲೆ ನಿಂತಳು. ಅರ್ಧ ಉಟ್ಟ ಸೀರೆಯಲ್ಲಿ ಗಿರಣಿ ಒಂದು ಮಗ್ಗುಲಿಗೆ ವಾಲಿಕೊಂಡು ಬಿದ್ದಿದ್ದಳು. ಒಂದು ಕೈ ಮೇಜಿನಿಂದಾಚೆ ಚಾಚಿತ್ತು.

"ಬಾ ಒಳಗೆ" ಎಂದರು ದೊಡ್ಡತ್ತೆ. "ಸೀರೆ ಉಡಿಸು. ಬಟ್ಟೆ ತಾನೇ."

ಆಕೆ ಮೊದಲು ಆ ಕೈಯನ್ನು ಎತ್ತಿ ಒಳಗಿಟ್ಟಳು. ಆಮೇಲಿನದೆಲ್ಲ ಅಭ್ಯಾಸದ ಕೆಲಸ. ಹೆಗಲು, ಸೊಂಟ, ಸೆರಗು. ಸೆರಗಿನ ಚಿತ್ತಾರ ಎದೆಯ ಮೇಲೆ ನೇರ ಕೂತಿತು. ಟಾಕಿನ ದಾರವನ್ನು ಹಲ್ಲಿನಿಂದ ಕಡಿದಳು. ಹಲ್ಲಿನಿಂದ ಕಡಿಯಬೇಡ ಎಂದು ಬೈಯುವವಳು ಅಲ್ಲಿ ಮಾತಿಲ್ಲದೆ ಮಲಗಿದ್ದಳು. ಅರಿಸಿನದ ಕೊಂಬು ಕಟ್ಟಿದ ದಾರವನ್ನು ಟೈಲರಮ್ಮ ಮುಟ್ಟಲಿಲ್ಲ. ಮುತ್ತೈದೆಯಾಗಿದ್ದ ದೊಡ್ಡತ್ತೆಯೇ ಎದ್ದುಬಂದು ಕೊರಳಿಗೆ ಹಾಕಿದರು. ಬಳೆಯನ್ನೂ ಅವರೇ ತೊಡಿಸಿದರು. ಉಳಿದದ್ದು ಕುಂಕುಮ.

ದೊಡ್ಡತ್ತೆ ಭರಣಿಯ ಮುಚ್ಚಳ ತೆಗೆದರು. ತಮ್ಮನ ಹೆಂಡತಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಮೇಜಿನಾಚೆ ನಿಂತವಳನ್ನು ನೋಡಿದರು.

"ನೀನೇ ಇಡು" ಎಂದರು.

ಟೈಲರಮ್ಮ ತಲೆಯೆತ್ತಿದಳು.

"ಕೇಳಿದ್ದಳಂತಲ್ಲ. ಇವಳು ಬದುಕಿದ್ದಾಗ ನನ್ನ ಮಾತು ಒಂದು ದಿನ ಕೇಳಲಿಲ್ಲ, ಈಗ ಕೇಳಿಸೋಕೆ ಹೋಗಲ್ಲ. ಇಡು. ನಾನು ಯಾರಿಗೂ ಹೇಳಲ್ಲ."

ಭರಣಿ ಟೈಲರಮ್ಮನ ಕಡೆಗೆ ಬಂತು. ಉಂಗುರದ ಬೆರಳನ್ನು ಅದ್ದಿದಳು. ಬೆರಳ ತುದಿ ಕೆಂಪಾಯಿತು. ಮೇಜಿನ ಮೇಲೆ ಬಾಗಿದಳು. ಹಣೆಗೂ ಬೆರಳಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಉಳಿಯಿತು. ಕೈ ಅಲ್ಲೇ ನಿಂತಿತು. ದೊಡ್ಡತ್ತೆ ಬೇರೆ ಕಡೆ ತಿರುಗಿದರು, ನೋಡದಿದ್ದರೆ ಸುಲಭವಾದೀತು ಎಂಬಂತೆ. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಟೈಲರಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, ಬೆರಳನ್ನು ಒದ್ದೆ ಬಟ್ಟೆಗೆ ಒರೆಸಿದಳು.

"ನೀವೇ ಇಡಿ ಅಕ್ಕ."

ದೊಡ್ಡತ್ತೆ ಬೆರಳು ಅದ್ದಿ ಇಟ್ಟರು. ಕುಂಕುಮ ಹುಬ್ಬುಗಳ ನಡುವೆ ಕೂರದೆ ಎಡಕ್ಕೆ ಸರಿಯಿತು, ಒಂದಿಷ್ಟು ರೆಪ್ಪೆಯ ಮೇಲೆ ಉದುರಿತು. ಎಷ್ಟೋ ಹೆಂಗಸರ ಕುಂಕುಮವನ್ನು ಹತ್ತಿಯ ತುದಿಯಿಂದ ದುಂಡಗೆ ತಿದ್ದಿದ್ದವಳು ಇದನ್ನು ತಿದ್ದಲಿಲ್ಲ.

ಚಿತಾಗಾರದಲ್ಲಿ ಪುರೋಹಿತರು ಬೇಗ ಮುಗಿಸಿದರು. ಗಂಡ ಹೆಗಲ ಮೇಲೆ ಮಣ್ಣಿನ ಮಡಕೆ ಹೊತ್ತು ಪೆಟ್ಟಿಗೆಯ ಸುತ್ತ ನಡೆದರು. ರತ್ನಗಂಬಳಿ ಹಾಸಿದ ನೆಲದ ಮೇಲೆ ನೀರು ಚೆಲ್ಲಬಾರದು, ಮಡಕೆ ಒಡೆಯಬಾರದು ಎಂದಿದ್ದರಿಂದ ಅದು ಖಾಲಿಯಿತ್ತು, ಕೊನೆಗೆ ಕರಿಕೋಟಿನ ಕೈಗೆ ಹೋಯಿತು. ಬಳೆ ತೆಗೆದರು, ಮುಚ್ಚಳ ಹಾಕಿದರು. ಗೋಡೆಯಲ್ಲೊಂದು ಗುಂಡಿ. ಒತ್ತಿ, ಲಿಫ್ಟಿಗೆ ಕಾಯುವವರ ಹಾಗೆ ಅದರ ಮುಂದೆ ನಿಂತರು. ಬಾಗಿಲು ಸರಿಯಿತು, ಪೆಟ್ಟಿಗೆ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಸಂಜೆ ಸ್ನಾನ ಮುಗಿಸಿ ಟೈಲರಮ್ಮ ಗಿರಣಿಯ ಮನೆಗೆ ಹೋದಳು. ಮಗಳು ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಳು, ಆಕೆಗಾಗಿಯೇ ಕಾದವಳಂತೆ.

"ಸೀರೆ ನೀವೇ ಉಡಿಸಿದ್ರಂತೆ. ಅಪ್ಪ ಹೇಳಿದ್ರು, ತುಂಬಾ ಚೆನ್ನಾಗಿತ್ತಂತೆ."

"ಹೂಂ."

"ಕುಂಕುಮ?"

"ದೊಡ್ಡತ್ತೆ ಇಟ್ರು."

ಮಗಳ ಮುಖ ಬಿಗಿಯಿತು. "ನಿಮಗೆ ಬಿಡಲಿಲ್ಲ ಅಲ್ವಾ? ನಂಗೊತ್ತಿತ್ತು. ಕಡೆಯ ದಿನಾನೂ ಬಿಡಲಿಲ್ಲ ನೋಡಿ."

ಹೌದು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ದೊಡ್ಡತ್ತೆ ಎದ್ದುಬಂದು ವಾದ ಮಾಡುವವರಲ್ಲ.

"ಬಿಟ್ರು" ಎಂದಳು ಟೈಲರಮ್ಮ. "ನೀನೇ ಇಡು ಅಂದ್ರು. ನನ್ನ ಕೈ ಮುಂದೆ ಹೋಗಲಿಲ್ಲ."

ಮಗಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. "ಅಮ್ಮ ನಿಮಗೋಸ್ಕರ ಎಲ್ಲರ ಹತ್ರ ಜಗಳ ಆಡಿದ್ದಳು."

"ಆಡಿದ್ದಳು."

"ಒಂದು ಬೊಟ್ಟು, ಚಿಕ್ಕಮ್ಮ. ಅಷ್ಟೇ ಕೇಳಿದ್ದು."

ಮಗಳು ಮೇಜಿಗೆ ಕೈಯೂರಿ ಕಷ್ಟಪಟ್ಟು ಎದ್ದು, ಹಿಡಿದುಕೊಳ್ಳಲು ಬಂದ ಟೈಲರಮ್ಮನ ಕೈಯನ್ನು ತಪ್ಪಿಸಿ ಒಳಗೆ ಹೋದಳು. ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಸಾವಾದ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇನೆ ಎನ್ನಬಾರದು. ಟೈಲರಮ್ಮ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಸದ್ದಾಗದಂತೆ ಮುಂಬಾಗಿಲು ಎಳೆದುಕೊಂಡು, ಬಸ್ಸಿನ ನಿಲ್ದಾಣದ ಕಡೆ ನಡೆದಳು.